ಮೂಳೆ ಕೂಡಿದೆ, ರಾಡ್ ಯಾವಾಗ ತೆಗೆಸಬೇಕು?

ಕಾಲಿಗೋ ಕೈಗೋ ರಾಡ್ ಹಾಕಿಸಿಕೊಂಡವರು ವರ್ಷ ತುಂಬುತ್ತಿದ್ದಂತೆ ಕೇಳುವ ಮಾತಿದು. ತೆಗೆಸಬೇಕಾ ಅಂತ ಯಾರೂ ಕೇಳುವುದಿಲ್ಲ, ಯಾವಾಗ ಅಂತಲೇ ಕೇಳುತ್ತಾರೆ. ನಾನು ಫಿಸಿಯೋಥೆರಪಿಸ್ಟ್. ತೀರ್ಮಾನ ಮಾಡಬೇಕಾದವರು ಸರ್ಜನ್. ಆದರೆ ಅವರ ರೂಮಿನಲ್ಲಿ ಕೇಳೋಕೆ ಹಿಂಜರಿದವರೆಲ್ಲ ನನ್ನ ಮುಂದೆ ಕೂತು ನಿಧಾನವಾಗಿ ಕೇಳುತ್ತಾರೆ.

ದೊಡ್ಡವರಲ್ಲಿ ಮೂಳೆ ಕೂಡಿ, ರಾಡಿನಿಂದ ತೊಂದರೆ ಏನೂ ಇಲ್ಲದಿದ್ದರೆ ಸಾಮಾನ್ಯವಾಗಿ ಅದನ್ನು ಹಾಗೇ ಬಿಡುತ್ತಾರೆ. ಇಷ್ಟು ಹೇಳಿದರೆ ಯಾರಿಗೂ ಸಮಾಧಾನ ಆಗಲ್ಲ. "ಒಳಗೇ ತುಕ್ಕು ಹಿಡಿದ್ರೆ?" ಅನ್ನುತ್ತಾರೆ. ಇದು ಮನೆ ಕಟ್ಟುವ ಕಂಬಿ ಅಲ್ಲ. ಮೈಯೊಳಗೆ ವರ್ಷಗಟ್ಟಲೆ ಇರಲಿ ಅಂತಲೇ ಮಾಡಿದ ಸ್ಟೀಲ್ ಅಥವಾ ಟೈಟಾನಿಯಂ.

ಈ ರಾಡಿಗೆ ಒಂದು ಕಥೆಯೂ ಇದೆ. 1939ರಲ್ಲಿ ಜರ್ಮನಿಯ ಕೀಲ್‌ನಲ್ಲಿ ಗೆರ್ಹಾರ್ಡ್ ಕುಂಟ್ಷರ್ ಎಂಬ ಸರ್ಜನ್ ಮುರಿದ ತೊಡೆಮೂಳೆಯ ಪೊಳ್ಳಿನೊಳಗೆ ಉದ್ದನೆಯ ರಾಡ್ ಇಳಿಸಿದರು. ಆಗೆಲ್ಲ ತೊಡೆ ಮುರಿದರೆ ಕಾಲಿಗೆ ತೂಕ ಕಟ್ಟಿಕೊಂಡು ತಿಂಗಳುಗಟ್ಟಲೆ ಮಲಗಬೇಕಿತ್ತು. ಎರಡನೇ ಮಹಾಯುದ್ಧದಲ್ಲಿ ಜರ್ಮನಿಗೆ ಸೆರೆ ಸಿಕ್ಕ ಕೆಲವು ಶತ್ರು ಸೈನಿಕರಿಗೂ ಇದೇ ಚಿಕಿತ್ಸೆ ಆಯಿತು. ಅವರು ಊರಿಗೆ ಮರಳಿದ ಮೇಲೆ ಎಕ್ಸ್‌ರೇ ನೋಡಿದ ಅಲ್ಲಿನ ಡಾಕ್ಟರುಗಳು ದಂಗಾದರು. ತೊಡೆಯುದ್ದಕ್ಕೂ ಲೋಹದ ರಾಡ್, ಆಸಾಮಿ ಆರಾಮಾಗಿ ನಡೀತಿದ್ದಾನೆ!

ಮೂಳೆ ಕೂಡುವ ತನಕ ಅಲುಗದಂತೆ ಹಿಡಿದಿಡುವುದಷ್ಟೇ ರಾಡಿನ ಕೆಲಸ. ಕೂಡಿದ ಮೇಲೆ ಭಾರ ಮತ್ತೆ ಮೂಳೆಯದ್ದೇ. ಕೂಡದಿದ್ದರೆ ಕಷ್ಟ. ಹೆಜ್ಜೆ ಹಾಕಿದಾಗಲೆಲ್ಲ ಲೋಹ ತುಸು ಬಾಗುತ್ತೆ, ಬಾಗಿ ಬಾಗಿ ಒಂದು ದಿನ ಮುರಿಯುತ್ತೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೆ, ಬೀಡಿ ಸಿಗರೇಟು ಬಿಡದವರಿಗೆ ಮೂಳೆ ಕೂಡುವುದು ತಡವಾಗುತ್ತೆ. ಬೀಡಿ ಬಿಡಿ ಅಂದ್ರೆ ಮಾತ್ರ ನನಗೇ ಬುದ್ಧಿ ಹೇಳ್ತಾರೆ.

ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ರಾಡಿನ ಮೇಲೆ ಹೊರಿಸುವ ತಪ್ಪು ರಾಡಿನದ್ದಲ್ಲ. ಒಬ್ಬ ಆಟೋ ಡ್ರೈವರ್ ತೊಡೆಯ ರಾಡ್ ತೆಗೆಸಲೇಬೇಕು ಅಂತ ಹಟ ಹಿಡಿದಿದ್ದರು. ಮೆಟ್ಟಿಲು ಇಳಿಯುವಾಗ ಕಾಲು ಕುಸಿಯುತ್ತೆ, ಸಂಜೆ ಹೊತ್ತಿಗೆ ಸೆಳೆತ. ಮಂಡಿ ಚಿಪ್ಪಿನ ಮೇಲೆ ಒಂದು ಗೇಣು ಬಿಟ್ಟು ಎರಡೂ ತೊಡೆಗೆ ಪೆನ್ನಿನಲ್ಲಿ ಗುರುತು ಹಾಕಿ ಟೇಪ್ ಸುತ್ತಿದೆ. ಪೆಟ್ಟಾದ ಕಾಲು ಮೂರು ಸೆಂಟಿಮೀಟರ್ ಸಣ್ಣ. ಟೇಪ್ ಅವರ ಕೈಗೇ ಕೊಟ್ಟೆ. ಎರಡು ಸಲ ಅಳೆದು ನೋಡಿದರು. ಎಕ್ಸ್‌ರೇಯಲ್ಲಿ ಮೂಳೆ ಚೆನ್ನಾಗಿ ಕೂಡಿತ್ತು. ಮಲಗಿದ ಕಾಲದಲ್ಲಿ ಕರಗಿದ ಮಾಂಸಖಂಡ ಮಾತ್ರ ವಾಪಸ್ ಬಂದಿರಲಿಲ್ಲ. ರಾಡ್ ತೆಗೆಸಿದರೆ ಅದು ವಾಪಸ್ ಬರುತ್ತಿರಲಿಲ್ಲ. ಕುರ್ಚಿಯಿಂದ ಕೈ ಊರದೆ ಏಳುವುದು, ಒಂದೊಂದೇ ಮೆಟ್ಟಿಲು ಹತ್ತಿ ಇಳಿಯುವುದು, ಆಮೇಲೆ ಕಾಲಿಗೆ ಮರಳಿನ ಚೀಲ ಕಟ್ಟಿ ಎತ್ತುವುದು: ಇದು ತಿಂಗಳುಗಳ ಕೆಲಸ. ಬೋರು ಹೊಡೆಸುತ್ತೆ, ಅದಕ್ಕೇ ಅರ್ಧಕ್ಕೆ ಬಿಡುತ್ತಾರೆ.

ತೆಗೆಸಬೇಕಾಗುವ ಸಂದರ್ಭಗಳೂ ಇವೆ. ಚರ್ಮದ ಹೊರಗೆ ತುದಿ ಬಿಟ್ಟು ಹಾಕಿದ ತಂತಿಗಳನ್ನು ಸಾಮಾನ್ಯವಾಗಿ 4ರಿಂದ 6 ವಾರಕ್ಕೆ ಎಳೆದುಬಿಡುತ್ತಾರೆ. ಕೆಲವರಿಗೆ ರಾಡಿನ ಬದಲು ಮೂಳೆಯ ಮೇಲೆ ಸ್ಕ್ರೂ ಹಾಕಿ ಲೋಹದ ಪ್ಲೇಟು ಕೂರಿಸಿರುತ್ತಾರೆ. ಮಕ್ಕಳ ಮೂಳೆ ಬೆಳೆಯುತ್ತಾ ಆ ಪ್ಲೇಟನ್ನೇ ಮುಚ್ಚಿಬಿಡಬಹುದು, ಆದ್ದರಿಂದ ಅವರಲ್ಲಿ ಬೇಗ ತೆಗೆಯುವುದು ಜಾಸ್ತಿ. ಸೋಂಕಾಗಿ ಕೀವು ಬಂದರೆ ಸರ್ಜನ್ ಲೆಕ್ಕಾಚಾರವೇ ಬೇರೆ. ಮೊಣಕೈ ತುದಿ, ಕಾಲಿನ ಹರಡು, ಕಾಲರ್ ಬೋನ್ ಇಲ್ಲೆಲ್ಲ ಮೂಳೆಯ ಮೇಲೆ ಬರೀ ಚರ್ಮ. ಪ್ಲೇಟು ಕೈಗೆ ಸಿಗುತ್ತೆ, ಬ್ಯಾಗಿನ ಪಟ್ಟಿ ಒತ್ತುತ್ತೆ. ಅಂಥವರು ತೆಗೆಸಿದರೆ ಹಾಯೆನಿಸುತ್ತೆ.

ಮೊಣಕಾಲ ಕೆಳಗಿನ ಮೂಳೆಗೆ ರಾಡ್ ಹಾಕಿದವರದ್ದು ಸ್ವಲ್ಪ ಗೊಂದಲದ ವಿಷಯ. ರಾಡನ್ನು ಮಂಡಿಯ ಹತ್ತಿರದಿಂದಲೇ ಇಳಿಸುತ್ತಾರೆ. ಹಾಗಾಗಿ ಮಂಡಿ ಊರಿ ಕೂತರೆ ಹಲವರಿಗೆ ನೋವು. ನಮಾಜ್ ಮಾಡುವವರು, ನೆಲದಲ್ಲಿ ಕೂತು ಕೆಲಸ ಮಾಡುವವರು ಇದನ್ನೇ ಹೇಳುತ್ತಾರೆ. ರಾಡ್ ತೆಗೆದರೆ ಕೆಲವರಿಗೆ ಕಡಿಮೆಯಾಗುತ್ತೆ, ಕೆಲವರಿಗೆ ನೋವು ಹಾಗೇ ಉಳಿಯುತ್ತೆ. ಗ್ಯಾರಂಟಿ ಇಲ್ಲ ಅಂತ ಮೊದಲೇ ಗೊತ್ತಿದ್ದು ಹೋಗುವುದು ಒಳ್ಳೇದು.

ಯಾಕೆಂದರೆ ತೆಗೆಯುವುದೂ ಒಂದು ಆಪರೇಷನ್ನೇ. ಮತ್ತೆ ಅನಸ್ತೇಶಿಯಾ, ಮತ್ತೆ ಹೊಲಿಗೆ, ಮತ್ತೆ ರಜೆ. ಟೈಟಾನಿಯಂ ಸ್ಕ್ರೂಗಳು ಕೆಲವು ಸಲ ಪ್ಲೇಟಿಗೇ ಕಚ್ಚಿಕೊಂಡು ತಲೆ ಸವೆದುಹೋಗುತ್ತವೆ. ಬಿಚ್ಚೋಕೆ ಗಂಟೆಗಟ್ಟಲೆ ಹಿಡಿಯಬಹುದು. ತೋಳಿನ ಪ್ಲೇಟಾದರೆ ಪಕ್ಕದಲ್ಲೇ ಹಾದುಹೋಗುವ ನರಕ್ಕೆ ಪೆಟ್ಟಾಗುವ ಭಯ. ಸ್ಕ್ರೂ ಇದ್ದ ತೂತುಗಳು ತುಂಬೋಕೆ ವಾರ, ತಿಂಗಳು ಬೇಕು. ಅಲ್ಲಿವರೆಗೆ ಮೂಳೆ ಆ ಜಾಗದಲ್ಲೇ ಮತ್ತೆ ಮುರಿಯಬಹುದು. ಮುಂಗೈ ಮೂಳೆಗಳಲ್ಲಿ ಇದು ಎಲ್ಲ ಸರ್ಜನ್‌ಗಳಿಗೂ ಗೊತ್ತಿರುವ ಅಪಾಯ. ರಾಡ್ ತೆಗೆಸಿದ ವಾರವೇ ಕಬಡ್ಡಿ ಅಂಕಣಕ್ಕೆ ಇಳಿಯಬೇಡಿ.

ಉಳಿದ ಸಣ್ಣಪುಟ್ಟ ಪ್ರಶ್ನೆಗಳು. ಮೆಟ್ರೋ ಗೇಟಿನಲ್ಲಿ ಮೆಟಲ್ ಡಿಟೆಕ್ಟರ್ ಕೂಗಿದರೆ "ರಾಡ್ ಇದೆ" ಅಂದರೆ ಸಾಕು. ಎಂಆರ್‌ಐ ಈಗಿನ ಬಹುತೇಕ ಪ್ಲೇಟು, ರಾಡ್ ಇದ್ದರೂ ಮಾಡುತ್ತಾರೆ, ಮೊದಲೇ ತಿಳಿಸಬೇಕು ಅಷ್ಟೇ. "ಮೈಯಲ್ಲಿ ಕಬ್ಬಿಣ ಇಟ್ಕೊಂಡು ಸಾಯಬಾರದು ಕಣಮ್ಮಾ" ಅಂದ ಅಜ್ಜಿಗೆ ನಾನು ವಾದ ಮಾಡಲಿಲ್ಲ. ಸೊಂಟದ ಸ್ಕ್ರೂ ತೆಗೆಸೋಕೆ ಮಗನೇ ಒಪ್ಪಲಿಲ್ಲ.

ಕೊನೆಗೊಂದು ಕೆಲಸದ ಮಾತು. ಆಪರೇಷನ್ ಫೈಲಿನಲ್ಲಿ ಪ್ಲೇಟು, ಸ್ಕ್ರೂಗಳ ಕಂಪನಿ ಮತ್ತು ಅಳತೆ ಇರುವ ಸಣ್ಣ ಸ್ಟಿಕರ್‌ಗಳನ್ನು ಅಂಟಿಸಿರುತ್ತಾರೆ. ಅದರ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಹತ್ತು ವರ್ಷದ ಮೇಲೆ ಬೇರೆ ಊರಿನಲ್ಲಿ ತೆಗೆಸಬೇಕಾಗಿ ಬಂದರೆ, ಆ ಸ್ಕ್ರೂಗೆ ಯಾವ ಸ್ಕ್ರೂಡ್ರೈವರ್ ಹೊಂದುತ್ತೆ ಅಂತ ಸರ್ಜನ್‌ಗೆ ತಿಳಿಯುವುದು ಅದರಿಂದಲೇ.