ಓದಿದ ಊರು

ಇವತ್ತು ಮಧ್ಯಾಹ್ನ ಚೀನಾದ ತಾಂಗ್‌ಶಾನ್ ಭೂಕಂಪದ ಹಳೇ ವರದಿ ತೆರೆದೆ. ಒಂದೆರಡು ಪುಟ ನೋಡೋಣ ಅಂತ. ಸಂಜೆಯಾದರೂ ಬಿಡಲಾಗಲಿಲ್ಲ.

ಅದರ ಪ್ರಧಾನ ಸಂಪಾದಕರು ಲಿಯು ಹುಯಿಶಿಯಾನ್. ಚೀನಾದಲ್ಲಿ ಭೂಕಂಪ ಎಂಜಿನಿಯರಿಂಗ್ ಶುರು ಮಾಡಿದವರಲ್ಲಿ ಮೊದಲಿಗರು. ಅಮೆರಿಕದ ಕಾರ್ನೆಲ್‌ನಲ್ಲಿ ಡಾಕ್ಟರೇಟ್ ಮಾಡಿದರು. 1954ರಲ್ಲಿ ಹಾರ್ಬಿನ್‌ನಲ್ಲಿ ಸಂಶೋಧನಾ ಸಂಸ್ಥೆ ಕಟ್ಟಿದರು. ಅದೆಲ್ಲ ಇರಲಿ. ಅವರು ಮೊದಲು ಎಂಜಿನಿಯರಿಂಗ್ ಓದಿದ್ದು ಇದೇ ತಾಂಗ್‌ಶಾನ್‌ನಲ್ಲಿ!

1976ರ ಜುಲೈ 28, ನಸುಕಿನ 3:42. ಊರಿಗೆ ಊರೇ ಮಲಗಿತ್ತು. ಸರ್ಕಾರಿ ಲೆಕ್ಕದಲ್ಲೇ 2,42,000ಕ್ಕೂ ಜಾಸ್ತಿ ಜನ ಸತ್ತರು. ಎಲ್ಲಿ ಎಷ್ಟು ಅಲುಗಬಹುದು ಅಂತ ತೋರಿಸುವ ಭೂಕಂಪ ನಕ್ಷೆಯಲ್ಲಿ ಆ ಊರಿಗೆ ಕೊಟ್ಟಿದ್ದ ತೀವ್ರತೆ, 12ರ ಅಳತೆಯಲ್ಲಿ, ಬರೀ 6. ಬಂದದ್ದು 11. ಒಳಗೆ ಕಬ್ಬಿಣದ ಸರಳಿಲ್ಲದ ಇಟ್ಟಿಗೆ ಗೋಡೆಗಳು, ಅವುಗಳ ಮೇಲೆ ಭಾರದ ಕಾಂಕ್ರೀಟ್ ಹಲಗೆಗಳು. ಗೋಡೆ ಸೀಳಿತು, ಹಲಗೆ ಮಲಗಿದವರ ಮೇಲೆ ಬಿತ್ತು.

ತಾನು ಓದಿದ ಊರು. ಅಲ್ಲಿ ಯಾವ ಗೋಡೆ ಎಲ್ಲಿ ಸೀಳಿತು ಅಂತ ಒಂದೊಂದಾಗಿ ದಾಖಲಿಸಬೇಕು. ಎಷ್ಟು ಭಾರ ಅಲ್ವಾ? ಓದುತ್ತಾ ನನಗೇ ಗಂಟಲು ಕಟ್ಟಿತು.

ಅಮೆರಿಕದ ಕ್ಯಾಲ್ಟೆಕ್ ವಿಶ್ವವಿದ್ಯಾಲಯದವರು ಈ ವರದಿಯನ್ನು ಇಂಗ್ಲಿಷಿಗೆ ತಂದಿದ್ದಾರೆ. ಮನೆ ಕಟ್ಟಿಸುತ್ತಿರುವ ಗೆಳೆಯರೇ, ಇಟ್ಟಿಗೆ ಮನೆಗಳ ಭಾಗವನ್ನು ದಯವಿಟ್ಟು ಒಮ್ಮೆ ನೋಡಿ.