ಲಾಜುಟಿನಾ ಹೆಸರಿನ ಹಾದಿ

ಮಾಸ್ಕೋ ನಗರದ ಪಶ್ಚಿಮದ ಅಂಚಿಗಿರುವ ಒದಿಂತ್ಸೊವೊ ಎಂಬ ಊರಿನಲ್ಲಿ ನಾನು ನೆಲೆಸಿ ಕೆಲವು ಚಳಿಗಾಲಗಳು ಕಳೆದಿವೆ. ಇಲ್ಲಿಯ ಕಾಡಿನೊಳಗೆ ಏರಿಳಿಯುತ್ತ ಸಾಗುವ ಡಾಂಬರಿನ ಹಾದಿಯೊಂದಿದೆ. ಬೇಸಿಗೆಯಲ್ಲಿ ಅದರ ಮೇಲೆ ಗಾಲಿಯಿರುವ ರೋಲರ್ ಸ್ಕೀ ಕಟ್ಟಿಕೊಂಡವರು ಓಡುತ್ತಾರೆ, ಹಿಮ ಬಿದ್ದ ಮೇಲೆ ಅದೇ ಸ್ಕೀ ಹಾದಿಯಾಗುತ್ತದೆ. ರಷ್ಯಾದ ಕ್ರಾಸ್ ಕಂಟ್ರಿ ಸ್ಕೀ ಓಟಗಾರ್ತಿ ಲರೀಸಾ ಲಾಜುಟಿನಾ ಅವರ ಹೆಸರನ್ನು ಅದಕ್ಕಿಟ್ಟಿದ್ದಾರೆ. ಊರಿನವರ ಬಾಯಲ್ಲಿ ಅದು ‘ಲಾಜುಟಿಂಕಾ’.

ಸ್ಕೀ ಎಂದೊಡನೆ ನಮ್ಮ ಕಡೆಯವರಿಗೆ ನೆನಪಾಗುವುದು ಬೆಟ್ಟದಿಂದ ಜಾರಿ ಇಳಿಯುವ ಆಟ. ಕ್ರಾಸ್ ಕಂಟ್ರಿ ಸ್ಕೀಯಿಂಗ್ ಹಾಗಲ್ಲ. ಸಮತಟ್ಟಾದ ನೆಲವನ್ನಷ್ಟೇ ಅಲ್ಲ, ಏರನ್ನೂ ತನ್ನ ಕಾಲು, ತೋಳು ಮತ್ತು ಉಸಿರಿನ ಬಲದಿಂದಲೇ ದಾಟಬೇಕು. ಈ ಹಾದಿಯ ಮೊದಲ ಏರಿನಲ್ಲೇ ನನಗೆ ಏದುಸಿರು ಬಂದ ದಿನ, ಕೊರೆಯುವ ಚಳಿಯಲ್ಲಿ 30 ಕಿಲೋಮೀಟರ್ ಸ್ಪರ್ಧಿಸುವುದೆಂದರೆ ಏನೆಂದು ತುಸು ಅರ್ಥವಾಯಿತು.

ಲಾಜುಟಿನಾ 1965ರಲ್ಲಿ ಉತ್ತರದ ಕರೇಲಿಯಾ ಪ್ರಾಂತ್ಯದ ಕೊಂದೊಪೊಗಾದಲ್ಲಿ ಹುಟ್ಟಿದರು. 1992 ಮತ್ತು 1994ರ ಒಲಿಂಪಿಕ್ಸ್‌ಗಳಲ್ಲಿ ರಿಲೇ ಚಿನ್ನ ಗೆದ್ದ ತಂಡಗಳಲ್ಲಿದ್ದರು. 1995ರಲ್ಲಿ ಕೆನಡಾದ ಥಂಡರ್ ಬೇಯಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ನಾಲ್ಕು ಚಿನ್ನ ಗೆದ್ದರು. ಆದರೂ ಇಲ್ಲಿಯವರ ನೆನಪು ನಿಲ್ಲುವುದು ಜಪಾನಿನ ನಾಗಾನೊದಲ್ಲಿ ನಡೆದ 1998ರ ಒಲಿಂಪಿಕ್ಸ್‌ನಲ್ಲಿ. 32ರ ವಯಸ್ಸಿನ ಅವರು ಅಲ್ಲಿ ಐದು ಸ್ಪರ್ಧೆಗಳಿಗಿಳಿದು ಮೂರು ಚಿನ್ನ, ಒಂದು ಬೆಳ್ಳಿ, ಒಂದು ಕಂಚು ತಂದರು. ಆ ವರ್ಷ ಮಹಿಳೆಯರ ಕ್ರಾಸ್ ಕಂಟ್ರಿಯ ಐದೂ ಚಿನ್ನಗಳು ರಷ್ಯಾದವರ ಪಾಲಾದವು. ಸಂಬಳವೇ ಸರಿಯಾಗಿ ಕೈಸೇರದಿದ್ದ ಆ ಕಷ್ಟದ ವರ್ಷಗಳಲ್ಲಿ ದೂರದರ್ಶನದಲ್ಲಿ ಕಂಡ ಆ ಗೆಲುವು ಪ್ರತಿ ಮನೆಯ ಸ್ವಂತ ಸಂತೋಷವಾಗಿತ್ತೆಂದು ನಮ್ಮ ಕಟ್ಟಡದ ಹಿರಿಯ ಮಹಿಳೆಯೊಬ್ಬರು ನನಗೆ ಹೇಳಿದ್ದಾರೆ. ದೇಶವು ಅವರಿಗೆ ‘ರಷ್ಯಾದ ವೀರ’ ಬಿರುದನ್ನಿತ್ತಿತು.

ಮುಂದಿನದನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನಲ್ಲಿ, ರಿಲೇಗೆ ಮುನ್ನ ನಡೆದ ರಕ್ತ ಪರೀಕ್ಷೆಯಲ್ಲಿ ಅವರ ಹಿಮೋಗ್ಲೋಬಿನ್ ಮಿತಿಗಿಂತ ಹೆಚ್ಚಿದ್ದುದರಿಂದ ರಷ್ಯಾದ ಮಹಿಳಾ ತಂಡ ಓಡಲೇ ಇಲ್ಲ. ಬಳಿಕ 30 ಕಿಲೋಮೀಟರ್ ಸ್ಪರ್ಧೆಯಲ್ಲಿ ಅವರು ಮೊದಲಿಗರಾದರೂ, ಕೆಂಪು ರಕ್ತಕಣಗಳನ್ನು ಹೆಚ್ಚಿಸುವ ಡಾರ್ಬೆಪೊಯೆಟಿನ್ ಎಂಬ ಔಷಧ ಅವರ ದೇಹದಲ್ಲಿ ಪತ್ತೆಯಾಗಿ ಆ ಚಿನ್ನ ಇಟಲಿಯ ಗಾಬ್ರಿಯೆಲ್ಲಾ ಪರುಜ್ಜಿ ಅವರಿಗೆ ಸಂದಿತು. ಅದೇ ಕೂಟದ ಎರಡು ಬೆಳ್ಳಿಗಳೂ ಮುಂದೆ ರದ್ದಾದವು. ಆ ತೀರ್ಪು ನ್ಯಾಯವಾದದ್ದೆಂದೇ ನಾನು ನಂಬುತ್ತೇನೆ, ಏಕೆಂದರೆ ಬರಿಯ ಉಸಿರಿನ ಬಲವನ್ನೇ ನೆಚ್ಚಿ ಓಡಿದ ಇತರರೂ ಅದೇ ಏರನ್ನು ಹತ್ತಿದ್ದರು.

ಹಾಗಿದ್ದರೂ ಇಲ್ಲಿಯ ಜನ ಅವರನ್ನು ಕೈಬಿಡಲಿಲ್ಲ. ಅವರು ಮಾಸ್ಕೋ ಪ್ರಾಂತ್ಯದ ಶಾಸನಸಭೆಯ ಸದಸ್ಯರಾದರು, ಹಾದಿ ಅವರ ಹೆಸರನ್ನು ಉಳಿಸಿಕೊಂಡಿತು. ಕಾರಣವನ್ನು ನಾನು ಆ ಹಿರಿಯರಲ್ಲೇ ಕೇಳಿದೆ. ಅವರು ಪದಕಗಳ ಮಾತನ್ನೇ ಎತ್ತಲಿಲ್ಲ. ರಿಲೇ ನೋಡಲೆಂದು ಮನೆಮಂದಿಯೆಲ್ಲ ಟಿವಿಯ ಮುಂದೆ ಕುಳಿತಿದ್ದ ಆ ರಾತ್ರಿ ತಮ್ಮ ನಾಲ್ವರು ಹುಡುಗಿಯರು ಆರಂಭದ ಗೆರೆಗೆ ಬಾರದೇ ಹೋದರೆಂದಷ್ಟೇ ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊಮ್ಮಗನ ಸ್ಕೀಗಳನ್ನು ಕೈಗೆತ್ತಿಕೊಂಡು ಅವನೊಡನೆ ಲಾಜುಟಿಂಕಾದ ಕಡೆಗೆ ಹೊರಟರು.