ಹೊಟ್ಟೆನೋವು ಅಂತ ಬಂದವರಿಗೆ ಮೊದಲು ಹೊಟ್ಟೆಯನ್ನೇ ನೋಡಿ

ಹೈಸ್ಕೂಲಿನ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿ ಕೆಲಸಕ್ಕೆ ಸೇರಿದವರಿಗೆ ಒಂದು ವಿಷಯ ಬೇಗ ಗೊತ್ತಾಗುತ್ತದೆ. "ನನಗೆ ತುಂಬಾ ಭಯ ಆಗ್ತಿದೆ, ಏನೂ ಬೇಡ ಅನಿಸ್ತಿದೆ" ಅಂತ ಹೇಳಿಕೊಂಡು ಒಳಗೆ ಬರುವ ಮಕ್ಕಳು ತೀರಾ ಕಡಿಮೆ. ತಲೆನೋವು, ಹೊಟ್ಟೆನೋವು, ತಲೆಸುತ್ತು, ಸುಸ್ತು ಅಂತಲೇ ಬರುತ್ತಾರೆ. ಕೆಲವರಿಗೆ ಮೈಯಲ್ಲೇ ತೊಂದರೆ ಇರುತ್ತದೆ. ಕೆಲವರಿಗೆ ಮನಸ್ಸಿನಲ್ಲಿ. ಎರಡೂ ಕಡೆ ಇರುವವರೂ ಬೇಕಾದಷ್ಟು ಜನ.

ಇಂಥ ಮಕ್ಕಳ ಬಗ್ಗೆ ಸ್ಟಾಫ್ ರೂಮಿನಲ್ಲಿ ಎರಡು ಮಾತು ಕೇಳಿಬರುತ್ತವೆ. ಒಂದು, "ಇವತ್ತು ಟೆಸ್ಟ್ ಇದೆ, ಅದಕ್ಕೇ ನಾಟಕ." ಇನ್ನೊಂದು ಕರುಣೆಯ ಮಾತು. "ಪಾಪ, ಟೆನ್ಶನ್ ಇರಬೇಕು, ಕೌನ್ಸೆಲರ್ ಹತ್ತಿರ ಕಳಿಸಿ." ಕೇಳುವುದಕ್ಕೆ ಎರಡೂ ಬೇರೆ ಬೇರೆ. ಆದರೆ ಎರಡರಲ್ಲೂ ಆ ಮಗುವಿನ ಹೊಟ್ಟೆಯನ್ನು ಯಾರೂ ಮುಟ್ಟಿ ನೋಡಿರುವುದಿಲ್ಲ. ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠ ಇದೇ. ಮನಸ್ಸಿನ ವಿಷಯ ಅಂತ ಎಷ್ಟೇ ಅನಿಸಿದರೂ ಮೊದಲು ಮೈ ನೋಡಬೇಕು, ನಿಧಾನವಾಗಿ ನೋಡಬೇಕು. ಮೈಯಲ್ಲಿ ಕಾರಣ ಸಿಕ್ಕಿತು ಅಂತ ಮನಸ್ಸಿನ ಬಗ್ಗೆ ಕೇಳುವುದನ್ನು ಬಿಡಲೂಬಾರದು.

ಹೊಟ್ಟೆನೋವನ್ನೇ ತಗೊಳ್ಳಿ. ಹೊಕ್ಕುಳ ಸುತ್ತ ಶುರುವಾಗಿ ಬಲಗಡೆ ಕೆಳಕ್ಕೆ ಇಳಿದ ನೋವು, ಜ್ವರ, ವಾಂತಿ ಇದ್ದರೆ ಅಪೆಂಡಿಕ್ಸ್ ನೆನಪಿಗೆ ಬರಬೇಕು. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ತೂಕ ಇಳಿಯುವುದು, ಮಲದಲ್ಲಿ ರಕ್ತ, ಇವು ಆತಂಕದಿಂದ ಬರುವ ಹೊಟ್ಟೆನೋವಿನ ಲಕ್ಷಣಗಳಲ್ಲ. ಹುಡುಗರ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ವೃಷಣ ತಿರುಚಿಕೊಂಡು ರಕ್ತ ಹರಿಯುವುದು ನಿಂತಾಗ ಎಷ್ಟೋ ಹುಡುಗರು ನಾಚಿಕೆಗೆ "ಹೊಟ್ಟೆನೋವು" ಅಂತಷ್ಟೇ ಹೇಳುತ್ತಾರೆ. ಅಲ್ಲಿ ಸುಮಾರು 6 ಗಂಟೆಯೊಳಗೆ ಆಪರೇಷನ್ ಆದರೆ ವೃಷಣ ಉಳಿಯುವ ಸಾಧ್ಯತೆ ಜಾಸ್ತಿ. ತಡವಾದಷ್ಟೂ ಕಷ್ಟ. ಹಾಗಾಗಿ ಹೊಟ್ಟೆ ಹಿಡಿದುಕೊಂಡು ಬಂದ ಹುಡುಗನನ್ನು ನಾನು ನೇರವಾಗಿಯೇ ಕೇಳುತ್ತೇನೆ, "ಕೆಳಗೆ ಎಲ್ಲಾದರೂ ನೋವು, ಊತ ಇದೆಯಾ? ನಾಚಿಕೆ ಬೇಡ ಕಣೋ, ಇದನ್ನ ಎಲ್ಲರಿಗೂ ಕೇಳ್ತೀನಿ." ಈ ಒಂದು ಪ್ರಶ್ನೆಗೆ ಅರ್ಧ ನಿಮಿಷವೂ ಬೇಡ.

ಹೀಗೆ ಮೈ ನೋಡುವುದರಿಂದ ಇನ್ನೊಂದು ಲಾಭವೂ ಇದೆ. ತನ್ನ ನೋವನ್ನು ಯಾರೋ ನಂಬಿದರು ಅಂತ ಮಗುವಿಗೆ ಗೊತ್ತಾಗುತ್ತದೆ. ಆತಂಕದಿಂದ ಬಂದ ನೋವೂ ನಿಜವಾದ ನೋವೇ. ಭಯ ಆದಾಗ ಕರುಳಿನ ಚಲನೆ ಬದಲಾಗುತ್ತದೆ, ಕತ್ತಿನ ಸ್ನಾಯು ಬಿಗಿಯುತ್ತದೆ, ಎದೆಬಡಿತ ಏರುತ್ತದೆ. "ಎಲ್ಲ ನಾರ್ಮಲ್, ನಿನಗೇನೂ ಆಗಿಲ್ಲ, ಹೋಗು" ಅಂದರೆ ಆ ಮಗು ಮುಂದಿನ ಸಲ ಬಾಯಿ ಬಿಡುವುದಿಲ್ಲ. ನಾನು ಹೇಳುವುದು ಹೀಗೆ: "ಅಪಾಯದ್ದೇನೂ ಈಗ ಕಾಣ್ತಿಲ್ಲ. ಆದರೆ ನೋವು ಇದೆಯಲ್ಲ, ಅದು ಯಾಕೆ ಬರ್ತಿದೆ ಅಂತ ಇಬ್ಬರೂ ಸೇರಿ ನೋಡೋಣ."

ಮೈಮನಸ್ಸು ಒಂದಕ್ಕೊಂದು ಹೆಣೆದುಕೊಂಡು ತೀರಾ ಗೊಂದಲ ಮಾಡುವುದು ಉಸಿರಾಟದ ವಿಷಯದಲ್ಲಿ. ಏದುಸಿರು ಬಿಡುತ್ತಾ ಬಂದ ಹುಡುಗಿಗೆ ಅದು ಆಸ್ತಮಾವೋ, ಪ್ಯಾನಿಕ್ ಅಟ್ಯಾಕೋ? ಬೆರಳು, ತುಟಿಯ ಸುತ್ತ ಜುಮ್ ಅನ್ನುವುದು, ಕೈ ಸೆಟೆದುಕೊಳ್ಳುವುದು, ಆಕ್ಸಿಜನ್ ಮಟ್ಟ ಸರಿಯಾಗಿರುವುದು, ಎದೆಯಲ್ಲಿ ಸುಯ್‌ಗುಟ್ಟುವ ಸದ್ದು ಇಲ್ಲದಿರುವುದು, ಇವು ಪ್ಯಾನಿಕ್ ಕಡೆಗೆ ಬೆರಳು ತೋರಿಸುತ್ತವೆ. ವೇಗವಾಗಿ ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಜುಮ್ ಅನ್ನುವುದು ಅದಕ್ಕೇ. ಸುಯ್‌ಗುಟ್ಟುವ ಸದ್ದು, ಒಂದು ವಾಕ್ಯ ಪೂರ್ತಿ ಮಾಡಲಾಗದ ಸ್ಥಿತಿ ಇದ್ದರೆ ಆಸ್ತಮಾ. ತುಂಬಾ ಒದ್ದಾಡುತ್ತಿರುವ ಆಸ್ತಮಾ ರೋಗಿಯ ಎದೆಯಲ್ಲಿ ಸದ್ದೇ ಕೇಳದಿದ್ದರೆ ಅದು ಇನ್ನೂ ಕೆಟ್ಟದ್ದು, ಗಾಳಿ ಒಳಗೆ ಹೋಗುತ್ತಲೇ ಇಲ್ಲ ಅಂತ ಅರ್ಥ. ಆಂಬುಲೆನ್ಸ್ ಕರೆಯಬೇಕು. ಪೇಪರ್ ಬ್ಯಾಗಿನಲ್ಲಿ ಉಸಿರಾಡಿಸುವ ಹಳೆಯ ಪದ್ಧತಿಯನ್ನು ದಯವಿಟ್ಟು ಬಿಡಿ. ಅದು ಆಸ್ತಮಾ ಆಗಿದ್ದರೆ ಆಕ್ಸಿಜನ್ ಇನ್ನೂ ಕಡಿಮೆ ಆಗುತ್ತದೆ.

ಎರಡೂ ಒಟ್ಟಿಗೇ ಇರುವ ಮಕ್ಕಳೂ ಇದ್ದಾರೆ. ಅವರಲ್ಲಿ ನಾನು ಗಮನಿಸಿದ ಒಂದು ಸಂಗತಿ ಹೇಳುತ್ತೇನೆ. ಆಸ್ತಮಾದಲ್ಲಿ ಬಿಗಿದ ಉಸಿರುನಾಳವನ್ನು ಸಡಿಲಿಸುವ ಸಾಲ್ಬುಟಮಾಲ್ ಇನ್ಹೇಲರ್ ತಗೊಂಡ ಮೇಲೆ ಕೈ ನಡುಗುತ್ತದೆ, ಎದೆ ಡವಡವ ಅನ್ನುತ್ತದೆ. ಅದು ಔಷಧಿಯ ಗುಣ. ಆದರೆ ಮೊದಲೇ ಭಯ ಇರುವ ಮಗು ಅದನ್ನು "ಮತ್ತೆ ಅಟ್ಯಾಕ್ ಬಂತು" ಅಂತ ಅಂದುಕೊಳ್ಳುತ್ತದೆ. ಮತ್ತೆ ಇನ್ಹೇಲರ್ ಒತ್ತುತ್ತದೆ, ಮತ್ತೆ ಎದೆ ಹೊಡೆದುಕೊಳ್ಳುತ್ತದೆ. ಇಲ್ಲವೇ ಭಯಕ್ಕೆ ಇನ್ಹೇಲರನ್ನೇ ಬಿಟ್ಟುಬಿಡುತ್ತದೆ. "ಇದು ಔಷಧಿಯಿಂದ ಆಗೋದು, ಸ್ವಲ್ಪ ಹೊತ್ತಲ್ಲಿ ಇಳಿಯುತ್ತೆ" ಅಂತ ಮೊದಲೇ ಹೇಳಿಟ್ಟರೆ ಎಷ್ಟೋ ಗಾಬರಿ ತಪ್ಪುತ್ತದೆ. ಸ್ಪೇಸರ್ (ಇನ್ಹೇಲರಿಗೆ ಸಿಕ್ಕಿಸುವ ಟೊಳ್ಳು ಕೊಳವೆ) ಹಾಕಿ ಇನ್ಹೇಲರ್ ಬಳಸುವುದನ್ನು ಕೂರಿಸಿಕೊಂಡು ತೋರಿಸುವುದೂ ಮನಸ್ಸಿನ ಆರೋಗ್ಯದ ಕೆಲಸವೇ.

ಸಿಟ್ಟಿನ ಬಗ್ಗೆಯೂ ಒಂದು ಮಾತು. ಟೈಪ್ 1 ಸಕ್ಕರೆ ಕಾಯಿಲೆ ಇರುವ ಹುಡುಗ ಕ್ಲಾಸಿನಲ್ಲಿ ಇದ್ದಕ್ಕಿದ್ದಂತೆ ರೇಗಿದರೆ, ತಡವರಿಸಿದರೆ, ಅದನ್ನು ಅಶಿಸ್ತು ಅನ್ನುವ ಮುಂಚೆ ಬೆರಳು ಚುಚ್ಚಿ ಸಕ್ಕರೆ ನೋಡಬೇಕು. ಡೆಸಿಲೀಟರ್ ರಕ್ತಕ್ಕೆ 70 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ 15 ಗ್ರಾಂ ಬೇಗ ರಕ್ತಕ್ಕೆ ಸೇರುವ ಸಕ್ಕರೆ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ನೋಡುವುದು ರೂಢಿ. ಅಂಥ ಮಗುವನ್ನು ಕ್ಲಿನಿಕ್ಕಿಗೆ ಒಂಟಿಯಾಗಿ ಕಳಿಸಬಾರದು, ದಾರಿಯಲ್ಲೇ ಬಿದ್ದುಬಿಡಬಹುದು. ಹಾಗೆಯೇ ಆಟ ಆಡುತ್ತಿರುವಾಗಲೇ ಎಚ್ಚರ ತಪ್ಪಿ ಬಿದ್ದ ಮಗುವಿಗೆ "ಆತಂಕ" ಅಂತ ಹಣೆಪಟ್ಟಿ ಹಚ್ಚಬೇಡಿ. ಹೃದಯದ ಪರೀಕ್ಷೆ, ಇಸಿಜಿ ಆಗಲೇಬೇಕು. ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲಿ ಯಾರಾದರೂ ಹಠಾತ್ತನೆ ತೀರಿಕೊಂಡಿದ್ದಾರಾ ಅಂತ ಕೇಳಬೇಕು.

ಇನ್ನು ರಿಜಿಸ್ಟರ್. ನಮ್ಮ ಕ್ಲಿನಿಕ್ಕಿನಲ್ಲಿ ಅದಕ್ಕಿಂತ ಉಪಯೋಗದ ವಸ್ತು ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಹೆಸರು, ತೊಂದರೆ, ಕೊಟ್ಟ ಮಾತ್ರೆ ಬರೆದರೆ ಸಾಲದು. ಬಂದ ಹೊತ್ತು, ಯಾವ ಪೀರಿಯಡ್, ಅದನ್ನೂ ಬರೆಯಬೇಕು. ತಿಂಗಳಿಗೊಮ್ಮೆ ಅದನ್ನು ಕೂತು ಓದಬೇಕು. ಒಂದು ಹುಡುಗಿ ತಲೆನೋವು ಅಂತ ಪದೇಪದೇ ಬರುತ್ತಿದ್ದಳು, ಯಾವಾಗಲೂ ಮಧ್ಯಾಹ್ನದ ಮೇಲೆಯೇ. ಕಣ್ಣಿನ ಪರೀಕ್ಷೆ ಸರಿ ಇತ್ತು, ಬಿಪಿ ಸರಿ ಇತ್ತು. ತುಟಿ ಮಾತ್ರ ಒಣಗಿರುತ್ತಿತ್ತು. ನೀರು ಎಷ್ಟು ಕುಡಿತೀಯ ಅಂತ ಕೇಳಿದೆ. ಬೆಳಗ್ಗೆಯಿಂದ ಕುಡಿದೇ ಇರಲಿಲ್ಲ. ಯಾಕೆ ಅಂದರೆ ಟಾಯ್ಲೆಟ್ಟಿಗೆ ಹೋಗಬೇಕಾಗುತ್ತದೆ. ಅಲ್ಲಿ ಬಾಗಿಲಿನ ಚಿಲಕ ಮುರಿದಿತ್ತು, ದೊಡ್ಡ ತರಗತಿಯ ಕೆಲವರು ಹೊರಗೆ ನಿಂತು ರೇಗಿಸುತ್ತಿದ್ದರು. ಅವಳಿಗೆ ಬೇಕಾಗಿದ್ದು ತಲೆನೋವಿನ ಮಾತ್ರೆ ಅಲ್ಲ, ಕೌನ್ಸೆಲಿಂಗ್ ಕೂಡ ಮೊದಲಿಗೆ ಅಲ್ಲ. ಬೇಕಾಗಿದ್ದು ಚಿಲಕ. ಜೊತೆಗೆ ಆ ಹೊತ್ತಿನಲ್ಲಿ ಕಾರಿಡಾರಿನಲ್ಲಿ ಒಬ್ಬ ಟೀಚರ್.

ಮುಖ್ಯೋಪಾಧ್ಯಾಯರಿಗೆ ನಾನು ಅವಳ ಹೆಸರು ಹೇಳಲಿಲ್ಲ. "ನೀರು ಕುಡಿಯದೆ ತಲೆನೋವು, ಉರಿಮೂತ್ರ, ಮಲಬದ್ಧತೆ ಅಂತ ಬರುವ ಹುಡುಗಿಯರು ಇದ್ದಾರೆ, ಕಾರಣ ಟಾಯ್ಲೆಟ್" ಅಂದೆ. ಚಿಲಕ ಬಂತು. ಒಂದು ಚಿಲಕದಿಂದ ಎಷ್ಟು ಮಕ್ಕಳ ಮೂತ್ರದ ಸೋಂಕು ತಪ್ಪಿತೋ, ಎಷ್ಟು ಮಕ್ಕಳ ಭಯ ಇಳಿಯಿತೋ, ಬೇರೆ ಬೇರೆ ಮಾಡಿ ಲೆಕ್ಕ ಹಾಕಲು ಆಗುವುದಿಲ್ಲ, ಅಲ್ವಾ?

ಮನಸ್ಸಿನ ಮಾತು ಶುರು ಮಾಡುವುದಕ್ಕೂ ಒಂದು ಕ್ರಮ ಇದೆ. ಹದಿಹರೆಯದವರ ಜೊತೆ ಕೆಲಸ ಮಾಡುವವರು ಬಳಸುವ ಹೆಡ್ಸ್ ಅನ್ನುವ ಸಂದರ್ಶನದ ಕ್ರಮವನ್ನು 1988ರಲ್ಲಿ ಗೋಲ್ಡನ್‌ರಿಂಗ್ ಮತ್ತು ಕೋಹೆನ್ ಎಂಬ ವೈದ್ಯರು ಬರೆದು ಪ್ರಕಟಿಸಿದರು. ಮನೆ, ಓದು, ಗೆಳೆಯರು ಮತ್ತು ಹವ್ಯಾಸ, ಆಮೇಲೆ ಮಾದಕ ವಸ್ತು, ಲೈಂಗಿಕತೆ, ಕೊನೆಗೆ ಸಾಯುವ ಯೋಚನೆ. ಸುಲಭದ್ದರಿಂದ ಕಷ್ಟದ್ದಕ್ಕೆ. ನಾನು ಇದನ್ನು ಬಿಪಿ ಪಟ್ಟಿ ಕಟ್ಟಿಟ್ಟು, ಪಕ್ಕದಲ್ಲಿ ಕೂತು ಕೇಳುತ್ತೇನೆ. ಎದುರಿಗೆ ಕೂತು ಕಣ್ಣಲ್ಲಿ ಕಣ್ಣಿಟ್ಟು ಕೇಳಿದರೆ ಅದು ವಿಚಾರಣೆ ಆಗಿಬಿಡುತ್ತದೆ.

ಕೇಳುವ ಮುಂಚೆ ಗುಟ್ಟಿನ ಗಡಿಯನ್ನು ಹೇಳಲೇಬೇಕು. "ನೀನು ಹೇಳಿದ್ದು ನನ್ನ ಹತ್ತಿರವೇ ಇರುತ್ತೆ. ಆದರೆ ನಿನ್ನ ಜೀವಕ್ಕೆ, ಬೇರೆಯವರ ಜೀವಕ್ಕೆ ಅಪಾಯ ಇದ್ದರೆ, ಯಾರಾದರೂ ನಿನಗೆ ಹಿಂಸೆ ಮಾಡ್ತಿದ್ದರೆ, ಬೇರೆ ದೊಡ್ಡವರಿಗೆ ಹೇಳಬೇಕಾಗುತ್ತೆ. ಹೇಳೋ ಮುಂಚೆ ನಿನಗೆ ತಿಳಿಸ್ತೀನಿ." ಇಷ್ಟು ಹೇಳಿದರೆ ಮಕ್ಕಳು ಬಾಯಿ ಮುಚ್ಚಿಕೊಳ್ಳುತ್ತಾರೆ ಅಂತ ಹೆದರುವವರಿದ್ದಾರೆ. ನಾನು ಕಂಡಿದ್ದು ಬೇರೆ. ನಿಯಮ ಮೊದಲೇ ಗೊತ್ತಾದ ಮಗು ಜಾಸ್ತಿ ನಂಬುತ್ತದೆ.

ಸಾಯಬೇಕು ಅಂತ ಅನಿಸಿದೆಯಾ ಅಂತ ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಅನ್ನುವ ಭಯ ಟೀಚರ್‌ಗಳಲ್ಲಿ ಬಹಳ. ಅದು ನಿಜ ಅಲ್ಲ. ಈ ಬಗ್ಗೆ ನಡೆದ ಸಂಶೋಧನೆಗಳಲ್ಲಿ ಕೇಳಿದ್ದರಿಂದ ಅಪಾಯ ಹೆಚ್ಚಿದ್ದು ಕಂಡುಬಂದಿಲ್ಲ. ಸುತ್ತಿ ಬಳಸಿ ಕೇಳಬೇಡಿ, ನೇರವಾಗಿ ಕೇಳಿ. "ಹೌದು" ಅಂದರೆ ಆ ಮಗುವನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡಬಾರದು. ಕೌನ್ಸೆಲರ್, ಮನೆಯವರು, ವೈದ್ಯರು ಅದೇ ದಿನ ಸೇರಬೇಕು. ಮನೆಯಲ್ಲಿರುವ ಮಾತ್ರೆ, ಕೀಟನಾಶಕದಂಥ ವಸ್ತುಗಳನ್ನು ಬೀಗ ಹಾಕಿಡಲು, ಸಾಧ್ಯವಾದರೆ ಮನೆಯಿಂದಲೇ ತೆಗೆದುಹಾಕಲು ಮನೆಯವರಿಗೆ ಹೇಳಬೇಕು. "ಇನ್ನು ಹೀಗೆ ಮಾಡಲ್ಲ ಅಂತ ಆಣೆ ಮಾಡು" ಅನ್ನುವುದರಿಂದ ಮಗು ಸುರಕ್ಷಿತವಾಗುವುದಿಲ್ಲ. ಯಾವಾಗ ಹಾಗೆ ಅನಿಸುತ್ತದೆ, ಆಗ ಯಾರಿಗೆ ಫೋನ್ ಮಾಡಬೇಕು, ಎಲ್ಲಿ ಹೋಗಿ ಕೂರಬೇಕು ಅಂತ ಬರೆದು ಕೊಡುವುದು ಮೇಲು.

ಇದನ್ನು ಓದುವ ಪ್ರತಿ ಟೀಚರ್‌ಗೂ, ಪ್ರತಿ ಅಪ್ಪ ಅಮ್ಮನಿಗೂ ಗೊತ್ತಿರಬೇಕಾದ ಒಂದು ವಿಷಯ ಇದೆ. "ನಿನ್ನೆ ಒಂದಷ್ಟು ಮಾತ್ರೆ ನುಂಗಿದೆ, ಏನೂ ಆಗಲಿಲ್ಲ, ಈಗ ಚೆನ್ನಾಗಿದ್ದೀನಿ" ಅಂತ ಮಗು ಹೇಳಿದರೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಎಲ್ಲರ ಮನೆಯಲ್ಲೂ ಇರುವ ಪ್ಯಾರಾಸಿಟಮಾಲ್ ಜಾಸ್ತಿ ಆದಾಗ ಮೊದಲ ದಿನ ಮಗು ಆರಾಮಾಗಿಯೇ ಕಾಣಬಹುದು. ಲಿವರ್ ಕೆಡುವುದು ಗೊತ್ತಾಗುವುದು ಆಮೇಲೆ. ಅದಕ್ಕೆ ಮದ್ದು ಇದೆ, ನುಂಗಿದ 8 ಗಂಟೆಯೊಳಗೆ ಶುರು ಮಾಡಿದರೆ ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. ತಡವಾಗಿದ್ದರೂ ಹೋಗಲೇಬೇಕು. ಮುಖ ನೋಡಿ ತೀರ್ಮಾನ ಮಾಡುವ ವಿಷಯವೇ ಅಲ್ಲ ಇದು.

ಕೈ ಕುಯ್ದುಕೊಂಡು ಬಂದವರಿಗೂ ಇದೇ ಕ್ರಮ. ಬಿಸಿಲಲ್ಲೂ ಉದ್ದ ತೋಳು ಎಳೆದುಕೊಳ್ಳುವ ಮಗುವಿನ ಮುಂಗೈ ಕಂಡಾಗ, "ಯಾಕೆ ಹೀಗೆ ಮಾಡಿಕೊಂಡೆ?" ಅನ್ನುವುದು ಮೊದಲ ಮಾತು ಆಗಬಾರದು. ಮೊದಲು ಗಾಯ ತೊಳೆಯಿರಿ. ಬೇರೆ ಯಾವ ಗಾಯವನ್ನು ತೊಳೆಯುವಂತೆಯೇ, ಮುಖ ಗಂಟು ಹಾಕಿಕೊಳ್ಳದೆ. ಟೆಟನಸ್ ಇಂಜೆಕ್ಷನ್ ಆಗಿದೆಯಾ ಕೇಳಿ. ಬ್ಯಾಂಡೇಜ್ ಸುತ್ತುವಷ್ಟರಲ್ಲಿ ಎಷ್ಟೋ ಮಕ್ಕಳು ತಾವಾಗಿಯೇ ಮಾತು ತೆಗೆಯುತ್ತಾರೆ. ತೆಗೆಯದಿದ್ದರೂ, ಸಾಯಬೇಕು ಅಂತ ಅನಿಸಿದೆಯಾ ಅನ್ನುವ ನೇರವಾದ ಪ್ರಶ್ನೆಯನ್ನು ನಾನು ಕೇಳಿಯೇ ಕಳಿಸುತ್ತೇನೆ.

ಎಲ್ಲರನ್ನೂ ಮನೆಗೆ ಕಳಿಸುವುದು ಕರುಣೆ ಅಂತ ನನಗೆ ಅನಿಸುವುದಿಲ್ಲ. ಮೈ ಪರೀಕ್ಷೆ ಸರಿ ಇದ್ದು, ಆತಂಕದ್ದೇ ನೋವು ಅಂತ ಗೊತ್ತಾದ ಮಗುವನ್ನು ಪ್ರತಿಸಲ ಮನೆಗೆ ಕಳಿಸಿದರೆ ಶಾಲೆಯ ಭಯ ಬೆಳೆಯುತ್ತಲೇ ಹೋಗುತ್ತದೆ. ಸ್ವಲ್ಪ ಹೊತ್ತು ಮಲಗಿಸಿ, ನಿಧಾನವಾಗಿ ಉಸಿರಾಡಿಸಿ, ನಾನೇ ಜೊತೆಗೆ ಹೋಗಿ ಕ್ಲಾಸಿಗೆ ಬಿಟ್ಟು ಬರುತ್ತೇನೆ. ನೋವು ಬರಲಿ ಬಿಡಲಿ, ನಾಳೆ ಇಂಥ ಹೊತ್ತಿಗೆ ಬಂದು ಹೋಗು ಅಂತ ಹೇಳುತ್ತೇನೆ. ನನ್ನನ್ನು ನೋಡಲು ನೋವೇ ಬರಬೇಕು ಅಂತ ಇರಬಾರದಲ್ಲ.

ಆಸ್ಪತ್ರೆಯಲ್ಲಿದ್ದು ವಾಪಸ್ ಶಾಲೆಗೆ ಬರುವ ಮಗುವಿನ ಮೊದಲ ವಾರಗಳಲ್ಲಿ ನಾವು ಎಷ್ಟು ಕಾಳಜಿ ಮಾಡಿದರೂ ಸಾಲದು. ಖಿನ್ನತೆಗೆ ಕೊಡುವ ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ, ಡೋಸ್ ಬದಲಾದಾಗ, ಕೆಲವು ಮಕ್ಕಳಲ್ಲಿ ಚಡಪಡಿಕೆ, ಸಾಯುವ ಯೋಚನೆ ಹೆಚ್ಚಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಿಂದಲೇ ಈ ಎಚ್ಚರಿಕೆ ಹಾಕಿಸಿದೆ. ಹಾಗಂತ ಮಾತ್ರೆಯನ್ನು ಮನೆಯವರೇ ನಿಲ್ಲಿಸಬಾರದು, ಬದಲಾವಣೆ ಕಂಡರೆ ವೈದ್ಯರಿಗೆ ಹೇಳಬೇಕು. ಆದ್ದರಿಂದ ಆ ಮಗು ಬರುವ ಮುಂಚೆಯೇ ಮನೆಯವರು, ಕೌನ್ಸೆಲರ್, ಕ್ಲಾಸ್ ಟೀಚರ್, ನಾನು ಕೂತು ಮಾತಾಡಿಕೊಳ್ಳುತ್ತೇವೆ. ಯಾವ ಟೆಸ್ಟ್ ಬಿಡಬಹುದು, ನಿದ್ದೆ ಬರಿಸುವ ಮಾತ್ರೆ ಇದ್ದರೆ ಬೆಳಗಿನ ಮೊದಲ ಪೀರಿಯಡ್ ಏನು ಮಾಡುವುದು, ಗೆಳೆಯರು "ಎಲ್ಲಿಗೆ ಹೋಗಿದ್ದೆ?" ಅಂದರೆ ಏನು ಹೇಳಬೇಕು. ಈ ಕೊನೆಯದನ್ನು ಮಗುವೇ ತೀರ್ಮಾನಿಸಬೇಕು. ಟೀಚರ್‌ಗಳಿಗೆ ನಾನು ಕೇಳಿಕೊಳ್ಳುವುದು ಒಂದೇ: ಎಲ್ಲರ ಮುಂದೆ "ಈಗ ಹುಷಾರಾ?" ಅಂತ ಕೇಳಬೇಡಿ. ಪಾಠದ ಪುಟ ಯಾವುದು ಅಂತ ಹೇಳಿ, ಪಕ್ಕದವರ ನೋಟ್ಸ್ ಕೊಡಿಸಿ.